ಜಿರಳೆಗೆ ಮದ್ದು ಯಾಕೆ ನಾಟುವುದಿಲ್ಲ?



ನಮ್ಮ ಸಭೆಗಳಲ್ಲಿ ಗ್ಯಾಸಿನ ದರ, ಕೆಲಸಗಾರರ ಕೊರತೆ, ಲೈಸೆನ್ಸ್ ನವೀಕರಣ ಇವುಗಳ ಬಗ್ಗೆ ಬಹಳ ಚರ್ಚೆಯಾಗುತ್ತದೆ. ಜಿರಳೆಯ ಬಗ್ಗೆ ಮಾತ್ರ ಯಾರೂ ಎದ್ದು ನಿಂತು ಮಾತಾಡುವುದಿಲ್ಲ. ಮಾತಾಡಿದರೆ ತಮ್ಮ ಹೋಟೆಲಿನಲ್ಲೂ ಇದೆ ಎಂದು ಒಪ್ಪಿದ ಹಾಗಾಗುತ್ತದೆ ಎಂಬ ಅಂಜಿಕೆ. ಆದರೆ ಸಭೆ ಮುಗಿದು ಕಾಫಿ ಕುಡಿಯುವಾಗ ನಾಲ್ಕು ಮಂದಿ ಮಾಲಕರು ಸೇರಿದರೆ ಇದೇ ಮಾತು ಬರುತ್ತದೆ. "ಮೊದಲೆಲ್ಲ ವರ್ಷಕ್ಕೆ ಎರಡು ಸಲ ಮದ್ದು ಹೊಡೆಸಿದರೆ ಸಾಕಿತ್ತು. ಈಗ ತಿಂಗಳು ತಿಂಗಳು ಹೊಡೆಸಿದರೂ ಹದಿನೈದು ದಿನಕ್ಕೆ ಮತ್ತೆ ಹಾಜರು."

ಇದಕ್ಕೆ ಎರಡು ಕಾರಣ ಹೇಳುವುದನ್ನು ಕೇಳಿದ್ದೇವೆ. ಒಂದು, ಗುತ್ತಿಗೆಯವರು ಮದ್ದಿಗೆ ನೀರು ಜಾಸ್ತಿ ಬೆರೆಸುತ್ತಾರೆ. ಇನ್ನೊಂದು, ಜಿರಳೆಗೆ ಮದ್ದು ಅಭ್ಯಾಸವಾಗಿದೆ. ಮೊದಲನೆಯದು ಕೆಲವು ಕಡೆ ನಿಜವೇ ಇರಬಹುದು. ಎರಡನೆಯದು ಕೇಳಲಿಕ್ಕೆ ಸರಿ ಎನಿಸಿದರೂ ಸರಿಯಲ್ಲ. ಒಳಗೆ ನಡೆಯುವ ಸಂಗತಿಯೇ ಬೇರೆ. ಅದು ವಿಜ್ಞಾನದ ವಿಷಯವಾದರೂ ನಮ್ಮಂತಹ ಎಸ್ಸೆಸ್ಸೆಲ್ಸಿ ತನಕ ಓದಿದವರಿಗೂ ಅರ್ಥವಾಗುವಂಥದ್ದು. ಅರ್ಥವಾದರೆ ನಮ್ಮ ದುಡ್ಡೂ ಉಳಿಯುತ್ತದೆ, ಕೆಲಸದ ಹುಡುಗರ ಆರೋಗ್ಯವೂ ಉಳಿಯುತ್ತದೆ. ಹಾಗಾಗಿ ಈ ಲೇಖನ.

ಇದು ಯಾವ ಜಿರಳೆ?

ಹೋಟೆಲಿನಲ್ಲಿ ಮುಖ್ಯವಾಗಿ ಎರಡು ಜಾತಿ ಕಾಣುತ್ತವೆ. ಮೋರಿಯಿಂದ, ಗಟಾರದಿಂದ ಹೊರಗೆ ಬರುವ ದೊಡ್ಡ ಕೆಂಪು ಜಿರಳೆ ಒಂದು. ಫ್ರಿಜ್ಜಿನ ಕಂಪ್ರೆಸರಿನ ಸಂದಿ, ಗ್ರೈಂಡರಿನ ಅಡಿ, ಕೌಂಟರಿನ ಬಿರುಕು, ಸ್ವಿಚ್ ಬೋರ್ಡಿನ ಒಳಗೆ ಅಡಗುವ ಅರ್ಧ ಇಂಚಿನ ಸಣ್ಣ ಜಿರಳೆ ಇನ್ನೊಂದು. ತಿಳಿ ಕಂದು ಬಣ್ಣ, ತಲೆಯ ಹಿಂದೆ ಎರಡು ಕಪ್ಪು ಗೆರೆ. ನಮಗೆ ತಲೆನೋವು ತಂದಿರುವುದು ಈ ಸಣ್ಣದು. ಇದರ ಹೆಸರು ಜರ್ಮನ್ ಜಿರಳೆ.

ಹೆಸರು ಜರ್ಮನ್ ಆದರೂ ಇದರ ಮೂಲ ಜರ್ಮನಿ ಅಲ್ಲ. ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 1767ರಲ್ಲಿ ಇಟ್ಟ ಹೆಸರು ಹಾಗೆಯೇ ಉಳಿಯಿತು. ರಷ್ಯಾದವರು ಇದನ್ನು ಪ್ರಷ್ಯಾದ ಹುಳ ಎನ್ನುತ್ತಾರೆ, ಜರ್ಮನಿಯ ಕೆಲವು ಕಡೆ ರಷ್ಯಾದ್ದು ಎನ್ನುತ್ತಾರೆ. ಯಾರಿಗೂ ತಮ್ಮದೆಂದು ಹೇಳಿಕೊಳ್ಳಲು ಇಷ್ಟವಿಲ್ಲ. ಕೊನೆಗೆ 2024ರಲ್ಲಿ ವಿಜ್ಞಾನಿಗಳು 17 ದೇಶಗಳಿಂದ 281 ಜಿರಳೆಗಳನ್ನು ತರಿಸಿ ಅವುಗಳ ವಂಶವಾಹಿಗಳನ್ನು ಹೋಲಿಸಿ ನೋಡಿದರು. ಮೂಲ ಸಿಕ್ಕಿದ್ದು ನಮ್ಮ ಕಡೆಯಲ್ಲೇ. ಸುಮಾರು 2,100 ವರ್ಷಗಳ ಹಿಂದೆ ಭಾರತ ಅಥವಾ ಮ್ಯಾನ್ಮಾರ್ ಪ್ರದೇಶದಲ್ಲಿ, ಏಷ್ಯನ್ ಜಿರಳೆ ಎಂಬ ಕಾಡು ಜಾತಿಯಿಂದ ಇದು ಕವಲೊಡೆಯಿತು. ಸುಮಾರು 1,200 ವರ್ಷಗಳ ಹಿಂದೆ ವ್ಯಾಪಾರಿಗಳ, ಸೈನ್ಯಗಳ ಸಾಮಾನಿನ ಜೊತೆ ಪಶ್ಚಿಮ ಏಷ್ಯಾಕ್ಕೆ ಹೋಯಿತು. ಯುರೋಪಿಗೆ ಮುಟ್ಟಿದ್ದು ಸುಮಾರು 270 ವರ್ಷಗಳ ಹಿಂದೆ. ಅಲ್ಲಿಂದ ಹಡಗುಗಳಲ್ಲಿ ಉಳಿದ ಜಗತ್ತಿಗೆಲ್ಲ ಹರಡಿತು.

ಏಷ್ಯನ್ ಜಿರಳೆಯನ್ನೂ ಜರ್ಮನ್ ಜಿರಳೆಯನ್ನೂ ಪಕ್ಕದಲ್ಲಿಟ್ಟರೆ ನಮ್ಮ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಸ್ವಭಾವ ಮಾತ್ರ ಪೂರ್ತಿ ಬೇರೆ. ಏಷ್ಯನ್ ಜಿರಳೆ ಹೊರಗೆ ತರಗೆಲೆಗಳ ಅಡಿ ಇರುತ್ತದೆ, ಚೆನ್ನಾಗಿ ಹಾರುತ್ತದೆ, ದೀಪದ ಬೆಳಕಿಗೆ ಬರುತ್ತದೆ. ಜರ್ಮನ್ ಜಿರಳೆ ರೆಕ್ಕೆ ಇದ್ದೂ ಹಾರುವುದಿಲ್ಲ, ಬೆಳಕು ಹಾಕಿದ ಕೂಡಲೇ ಓಡಿ ಅಡಗುತ್ತದೆ. ಮನುಷ್ಯರ ಕಟ್ಟಡ ಬಿಟ್ಟು ಕಾಡಿನಲ್ಲಿ ಇದು ಎಲ್ಲೂ ಕಾಣಸಿಗುವುದಿಲ್ಲ. ಹಾಗಾದರೆ ಇದನ್ನು ಈ ರೀತಿ ಮಾಡಿದವರು ಯಾರು? ಮನುಷ್ಯರ ಮನೆ. ಮನೆಯೊಳಗೆ ದೀಪದ ಕೆಳಗೆ ಕುಳಿತದ್ದು ಪೆಟ್ಟು ತಿಂದು ಸತ್ತಿತು, ಕತ್ತಲೆಗೆ ಓಡಿದ್ದು ಉಳಿದು ಮರಿ ಮಾಡಿತು. ನೂರಾರು ವರ್ಷ ಹೀಗೆ ನಡೆದಾಗ ಓಡುವ ಸ್ವಭಾವವೇ ಜಾತಿಯ ಸ್ವಭಾವವಾಯಿತು. ಇದನ್ನೇ ವಿಜ್ಞಾನಿಗಳು ನಿಸರ್ಗದ ಆಯ್ಕೆ ಎನ್ನುತ್ತಾರೆ.

ಅಭ್ಯಾಸವಲ್ಲ, ಆಯ್ಕೆ

ರವೆ ಜರಡಿ ಹಿಡಿಯುವುದನ್ನು ನೆನಪಿಸಿಕೊಳ್ಳಿ. ಜರಡಿ ಹಿಡಿದ ಮೇಲೆ ಕೆಳಗೆ ಬಿದ್ದದ್ದೆಲ್ಲ ಸಣ್ಣ ರವೆ. ಜರಡಿ ಏನು ದಪ್ಪ ಕಾಳನ್ನು ಸಣ್ಣದು ಮಾಡಿತೇ? ಇಲ್ಲ. ಸಣ್ಣದು ಮೊದಲೇ ಅದರಲ್ಲಿತ್ತು, ಜರಡಿ ಅದನ್ನು ಬೇರೆ ಮಾಡಿತು, ಅಷ್ಟೇ. ಮದ್ದೂ ಹಾಗೆ. ಮದ್ದು ಕುಡಿದು ಕುಡಿದು ಒಂದು ಜಿರಳೆ ಗಟ್ಟಿಯಾಗುವುದಿಲ್ಲ. ಸಾವಿರ ಜಿರಳೆಗಳಲ್ಲಿ ಹುಟ್ಟಿನಿಂದಲೇ ಮದ್ದು ತಡೆಯುವ ಹತ್ತು ಜಿರಳೆ ಮೊದಲೇ ಇರುತ್ತವೆ. ಉಳಿದವು ಸಾಯುತ್ತವೆ, ಅವು ಉಳಿಯುತ್ತವೆ.

ರವೆಗೂ ಜಿರಳೆಗೂ ಇರುವ ವ್ಯತ್ಯಾಸ ಎಂದರೆ ರವೆ ಮರಿ ಹಾಕುವುದಿಲ್ಲ. ಊರಿನಲ್ಲಿ ಗದ್ದೆ ಇದ್ದವರಿಗೆ ಮುಂದಿನದು ಗೊತ್ತು. ಕೊಯ್ಲಾದ ಮೇಲೆ ಹಿರಿಯರು ಒಳ್ಳೆಯ ಭತ್ತವನ್ನು ಬೀಜಕ್ಕೆಂದು ಬೇರೆ ಎತ್ತಿಡುತ್ತಿದ್ದರು. ಬಿತ್ತಿದ ಬೀಜದಂತೆ ಮುಂದಿನ ಬೆಳೆ. ವರ್ಷ ವರ್ಷ ಹಾಗೆ ಆರಿಸಿ ಆರಿಸಿ ಒಂದೊಂದು ಊರಿಗೆ ಒಂದೊಂದು ತಳಿ ಆಯಿತು. ಚಾರ್ಲ್ಸ್ ಡಾರ್ವಿನ್ 1859ರ ತನ್ನ ಪುಸ್ತಕವನ್ನು ಶುರು ಮಾಡಿದ್ದೂ ಇಲ್ಲಿಂದಲೇ, ರೈತರು ಮತ್ತು ಪಾರಿವಾಳ ಸಾಕುವವರು ತಳಿ ಆರಿಸುವ ಕ್ರಮದಿಂದ. ಯಾರೂ ಕೈಯಿಂದ ಆರಿಸದಿದ್ದರೂ ಚಳಿ, ಬರ, ಶತ್ರು, ವಿಷ ಇವು ಆರಿಸುತ್ತವೆ ಎಂದು ಆತ ತೋರಿಸಿಕೊಟ್ಟ. ಇದಕ್ಕೆ ಮೂರು ಸಂಗತಿ ಇದ್ದರೆ ಸಾಕು. ಒಂದೇ ಜಾತಿಯೊಳಗೆ ಒಂದರಂತೆ ಇನ್ನೊಂದು ಇರಬಾರದು. ಆ ವ್ಯತ್ಯಾಸ ತಂದೆ ತಾಯಿಯಿಂದ ಮಕ್ಕಳಿಗೆ ಹೋಗಬೇಕು. ಮತ್ತು ಆ ವ್ಯತ್ಯಾಸದಿಂದ ಬದುಕಿ ಉಳಿಯುವ ಸಂಖ್ಯೆಯಲ್ಲಿ ಹೆಚ್ಚು ಕಡಿಮೆಯಾಗಬೇಕು.

ನಮ್ಮ ಲೆಕ್ಕದ ಭಾಷೆಯಲ್ಲೇ ನೋಡೋಣ. ಇದು ಬರೀ ಉದಾಹರಣೆಯ ಲೆಕ್ಕ. ಅಡುಗೆಮನೆಯಲ್ಲಿ 1,000 ಜಿರಳೆ, ಅದರಲ್ಲಿ ಮದ್ದು ತಡೆಯುವವು 10. ಮದ್ದು ಹೊಡೆದ ಮರುದಿನ ಬೆಳಿಗ್ಗೆ 990 ಸತ್ತು ಬಿದ್ದಿರುತ್ತವೆ. ಗುಡಿಸಿ ರಾಶಿ ಹಾಕಿದಾಗ ನಮಗೂ ಸಮಾಧಾನ, ಗುತ್ತಿಗೆಯವರಿಗೂ ಸಮಾಧಾನ. ಉಳಿದ 10ರಲ್ಲಿ 5 ಹೆಣ್ಣು. ಜರ್ಮನ್ ಜಿರಳೆಯ ಒಂದು ಮೊಟ್ಟೆ ಚೀಲದಲ್ಲಿ 30ರಿಂದ 40 ಮೊಟ್ಟೆ ಇರುತ್ತವೆ. ತಾಯಿ ಅದನ್ನು ಒಡೆಯುವ ಹೊತ್ತಿನ ತನಕ ಹೊಟ್ಟೆಯ ತುದಿಯಲ್ಲೇ ಹೊತ್ತುಕೊಂಡು ಬಿರುಕಿನೊಳಗೆ ಕೂತಿರುತ್ತದೆ. ಒಂದೇ ಚೀಲ, 30 ಮರಿ ಎಂದು ಹಿಡಿದರೂ 150 ಆಯಿತು. ಮೊಟ್ಟೆಯಿಂದ ದೊಡ್ಡದಾಗುವವರೆಗೆ ಸುಮಾರು ಮೂರು ತಿಂಗಳು. ಅದರಲ್ಲಿ 75 ಹೆಣ್ಣು, ಮುಂದಿನ ಸುತ್ತಿನಲ್ಲಿ 2,250. ಎಲ್ಲಾ ಮರಿ ಬದುಕುವುದಿಲ್ಲ, ಆದರೆ ಹೆಣ್ಣು ಇಡುವುದೂ ಒಂದೇ ಚೀಲವಲ್ಲ. ಆರೇಳು ತಿಂಗಳಲ್ಲಿ ಸಂಖ್ಯೆ ಮೊದಲಿಗಿಂತ ಜಾಸ್ತಿ. ಮೊದಲು ನೂರಕ್ಕೆ ಒಂದು ಮದ್ದು ತಡೆಯುತ್ತಿತ್ತು, ಈಗ ಹೆಚ್ಚು ಕಡಿಮೆ ಎಲ್ಲವೂ ತಡೆಯುತ್ತವೆ. ಅದೇ ಮದ್ದು, ಅದೇ ಅಳತೆ, ಅದೇ ಕೆಲಸದವನು. ಬದಲಾದದ್ದು ಜಿರಳೆ. ಹಿರಿಯರು ಬೀಜದ ಭತ್ತ ಆರಿಸಿದ ಹಾಗೆ ನಮ್ಮ ಮದ್ದು ಬೀಜದ ಜಿರಳೆಯನ್ನು ಆರಿಸಿ ಇಟ್ಟಿತು.

ವಿಷ ತಡೆಯುವ ದಾರಿಗಳು

ಮದ್ದು ತಡೆಯುವುದು ಎಂದರೆ ಏನು? ವಿಜ್ಞಾನಿಗಳು ಕೆಲವು ದಾರಿಗಳನ್ನು ಗುರುತಿಸಿದ್ದಾರೆ.

ಮೊದಲನೆಯದು, ದೇಹದೊಳಗೆ ವಿಷವನ್ನು ಒಡೆದು ಹಾಕುವುದು. ನಮ್ಮ ಯಕೃತ್ತು ಮಾತ್ರೆಯನ್ನು ಕರಗಿಸುವ ಹಾಗೆ ಜಿರಳೆಯ ದೇಹದಲ್ಲೂ ಕಿಣ್ವಗಳಿವೆ. ಕೆಲವು ಜಿರಳೆಗಳಲ್ಲಿ ಇವು ಜಾಸ್ತಿ. ವಿಷ ನರಕ್ಕೆ ಮುಟ್ಟುವ ಮೊದಲೇ ಖಲಾಸು.

ಎರಡನೆಯದು, ಬೀಗ ಬದಲಾಗುವುದು. ವಿಷ ಒಂದು ಕೀಲಿಕೈಯ ಹಾಗೆ, ಕೀಟದ ನರದಲ್ಲಿರುವ ಒಂದು ಬೀಗಕ್ಕೆ ಅದು ಕೂರಬೇಕು. ಬೀಗದಲ್ಲಿ ಸಣ್ಣ ಬದಲಾವಣೆ ಇರುವ ಜಿರಳೆಗೆ ಕೀಲಿಕೈ ಕೂರುವುದಿಲ್ಲ. ಇಲ್ಲಿ ಗಮನಿಸಬೇಕಾದ ಒಂದು ಮಾತಿದೆ. ಡಿ.ಡಿ.ಟಿ. ಮತ್ತು ಈಗಿನ ಪೈರೆಥ್ರಾಯ್ಡ್ ಮದ್ದುಗಳು ಕೂರುವುದು ಒಂದೇ ಬೀಗಕ್ಕೆ. ಹಾಗಾಗಿ ಬೀಗ ಬದಲಾದ ಕೀಟಕ್ಕೆ ಎರಡೂ ನಾಟುವುದು ಕಡಿಮೆ. ಹಾಗೆಯೇ 1950ರ ದಶಕದಲ್ಲಿ ಡೀಲ್ಡ್ರಿನ್ ಜಾತಿಯ ಮದ್ದಿನಿಂದ ಆರಿಸಿಬಂದ ಬೀಗದ ಬದಲಾವಣೆಯೇ, ಹತ್ತಾರು ವರ್ಷಗಳ ನಂತರ ಬಂದ ಫಿಪ್ರೋನಿಲ್ ಜೆಲ್ಲನ್ನೂ ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಅಜ್ಜ ತಿಂದ ವಿಷದ ಗುರುತು ಮರಿಮಕ್ಕಳಲ್ಲಿ ಉಳಿದಿದೆ ಎಂದ ಹಾಗಾಯಿತು.

ಮೂರನೆಯದು, ಮೈಚರ್ಮ ದಪ್ಪವಾಗಿ ಮದ್ದು ಒಳಗೆ ಇಳಿಯುವುದು ನಿಧಾನವಾಗುವುದು. ನಾಲ್ಕನೆಯದು ಸ್ವಭಾವ. ಮದ್ದಿನ ಹತ್ತಿರವೇ ಹೋಗದಿರುವುದು. ಇದರ ಕಥೆ ಬಹಳ ಸ್ವಾರಸ್ಯವಾದದ್ದು, ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಸಿಹಿ ಕಹಿಯಾದ ಕಥೆ

1980ರ ದಶಕದಲ್ಲಿ ಅಮೆರಿಕದಲ್ಲಿ ಸಿಂಪಡಿಸುವ ಮದ್ದಿನ ಬದಲಿಗೆ ತಿನ್ನುವ ಮದ್ದು ಬಂತು. ಗ್ಲೂಕೋಸ್ ಸಕ್ಕರೆಯ ಸಿಹಿಯಲ್ಲಿ ವಿಷ ಬೆರೆಸಿದ್ದು. ಜಿರಳೆಗೆ ಸಿಹಿ ಎಂದರೆ ಪ್ರಾಣ, ತಿಂದು ಸಾಯುತ್ತಿತ್ತು. ಕೆಲವೇ ವರ್ಷಗಳಲ್ಲಿ ಫ್ಲಾರಿಡಾದ ಕೆಲವು ಮನೆಗಳಲ್ಲಿ ಅದು ನಾಟಲಿಲ್ಲ. ಜೂಲ್ಸ್ ಸಿಲ್ವರ್‌ಮನ್ ಎಂಬ ವಿಜ್ಞಾನಿ ಪರೀಕ್ಷಿಸಿದಾಗ ಆ ಜಿರಳೆಗಳು ವಿಷವನ್ನು ತಡೆಯುತ್ತಿರಲಿಲ್ಲ, ತಿಂದರೆ ಸಾಯುತ್ತಿದ್ದವು. ಆದರೆ ತಿನ್ನುತ್ತಿರಲಿಲ್ಲ. ವಿಷ ಹಾಕದ ಬರೀ ಗ್ಲೂಕೋಸ್ ಇಟ್ಟರೂ ಮೂಸಿ ಹಿಂದೆ ಸರಿಯುತ್ತಿದ್ದವು. ಬೇರೆ ಸಕ್ಕರೆಯಾದ ಫ್ರಕ್ಟೋಸ್ ಇಟ್ಟರೆ ತಿನ್ನುತ್ತಿದ್ದವು. ಈ ಗುಣ ಮರಿಗಳಿಗೂ ಹೋಗುತ್ತಿತ್ತು. 1993ರಲ್ಲಿ ಆತ ಇದನ್ನು ಪ್ರಕಟಿಸಿದರು.

ಇದು ಯಾಕೆ ಹೀಗೆ ಎಂದು ತಿಳಿಯಲು ಇನ್ನೂ 20 ವರ್ಷ ಬೇಕಾಯಿತು. 2013ರಲ್ಲಿ ಉತ್ತರ ಕ್ಯಾರೊಲಿನಾ ರಾಜ್ಯ ವಿಶ್ವವಿದ್ಯಾಲಯದಲ್ಲಿ ಆಯಾಕೊ ವಾಡಾ-ಕಟ್ಸುಮಾಟಾ, ಸಿಲ್ವರ್‌ಮನ್ ಮತ್ತು ಕೋಬಿ ಶಾಲ್ ಇದನ್ನು ಬಿಡಿಸಿದರು. ಜಿರಳೆಯ ಬಾಯಿಯ ಸುತ್ತ ರುಚಿ ತಿಳಿಯುವ ಸಣ್ಣ ರೋಮಗಳಿವೆ, ಸಿಹಿಗೆ ಒಂದು ನರ, ಕಹಿಗೆ ಇನ್ನೊಂದು. ಈ ಜಿರಳೆಗಳಲ್ಲಿ ಗ್ಲೂಕೋಸ್ ಮುಟ್ಟಿದರೆ ಕಹಿಯ ನರವೂ ಎಚ್ಚರವಾಗುತ್ತದೆ. ಎಂದರೆ ನಮಗೆ ಹಾಗಲಕಾಯಿ ಹೇಗೋ ಅವಕ್ಕೆ ಗ್ಲೂಕೋಸ್ ಹಾಗೆ.

ಇಲ್ಲಿ ಯೋಚಿಸಬೇಕಾದದ್ದು ಇದು. ಸಿಹಿ ಇಷ್ಟವಿಲ್ಲದ ಜಿರಳೆ ಮದ್ದು ಬರುವ ಮೊದಲು ದಂಡಪಿಂಡ. ಒಳ್ಳೆಯ ಆಹಾರ ಎದುರಿಗಿದ್ದರೂ ತಿನ್ನುವುದಿಲ್ಲ, ಬೆಳವಣಿಗೆ ನಿಧಾನ. ಆದ್ದರಿಂದ ಅಂಥವು ಬಹಳ ಅಪರೂಪ. ಸಿಹಿಯಲ್ಲಿ ವಿಷ ಬಂದ ದಿನ ಲೆಕ್ಕ ತಿರುಗಿತು. ತಿನ್ನುವವು ಸತ್ತವು, ತಿನ್ನದವು ಉಳಿದವು. ಗುಣ ಒಳ್ಳೆಯದೋ ಕೆಟ್ಟದೋ ಎಂಬುದು ಜಿರಳೆಯಲ್ಲಿಲ್ಲ, ಅದು ಇರುವ ಪರಿಸರದಲ್ಲಿದೆ.

ಕಥೆ ಅಲ್ಲಿಗೇ ನಿಲ್ಲಲಿಲ್ಲ. ಗಂಡು ಜಿರಳೆ ಕೂಡುವ ಮೊದಲು ಹೆಣ್ಣಿಗೆ ತನ್ನ ಬೆನ್ನಿನ ಮೇಲೆ ಸಿಹಿ ರಸ ಬಡಿಸುತ್ತದೆ. ಅದರಲ್ಲಿರುವ ಮಾಲ್ಟೋಸ್ ಹೆಣ್ಣಿನ ಜೊಲ್ಲು ಸೇರಿದ ಕೂಡಲೇ ಗ್ಲೂಕೋಸ್ ಆಗುತ್ತದೆ. ಸಿಹಿ ಬೇಡವಾದ ಹೆಣ್ಣಿಗೆ ಅದು ಕಹಿ, ಅರ್ಧಕ್ಕೆ ಬಿಟ್ಟು ಹೋಗುತ್ತದೆ. ಇದು 2022ರಲ್ಲಿ ಪ್ರಕಟವಾಯಿತು. ಹಾಗಾದರೆ ಆ ವಂಶ ಮುಗಿಯಬೇಕಿತ್ತು. ಆದರೆ 2023ರಲ್ಲಿ ಅದೇ ತಂಡ ತೋರಿಸಿದಂತೆ, ಅಂಥ ಗುಂಪಿನ ಗಂಡುಗಳಲ್ಲಿ ರಸದ ಪಾಕವೇ ಬದಲಾಗಿದೆ, ಬೇಗ ಗ್ಲೂಕೋಸ್ ಆಗದ ಇನ್ನೊಂದು ಸಕ್ಕರೆ ಅದರಲ್ಲಿ ಜಾಸ್ತಿ. ಹೆಣ್ಣು ಬಿಟ್ಟು ಹೋಗುವ ಮೊದಲೇ ಕೂಡುವ ಗಂಡುಗಳೂ ಅಲ್ಲಿ ಹೆಚ್ಚು. ಒಂದು ಒತ್ತಡದಿಂದ ಒಂದು ಬದಲಾವಣೆ, ಅದರಿಂದ ಇನ್ನೊಂದು. ಎಲ್ಲವೂ ನಮ್ಮ ಜೀವಮಾನದೊಳಗೇ ನಡೆದದ್ದು. ವಿಕಾಸ ಎಂದರೆ ಲಕ್ಷಾಂತರ ವರ್ಷದ ಹಳೆಯ ಮಾತು ಎಂದು ಶಾಲೆಯಲ್ಲಿ ತಿಳಿದಿದ್ದೆವು. ಅದು ನಮ್ಮ ಗ್ರೈಂಡರಿನ ಅಡಿಯಲ್ಲೇ ನಡೆಯುತ್ತಿರುತ್ತದೆ.

ಜಿರಳೆ ಒಂದೇ ಅಲ್ಲ

ಈ ಪಾಠ ಹೊಸದಲ್ಲ. 1914ರಲ್ಲೇ ಅಮೆರಿಕದ ವಾಷಿಂಗ್ಟನ್ ರಾಜ್ಯದ ಹಣ್ಣಿನ ತೋಟಗಳಲ್ಲಿ ಗಂಧಕ ಸುಣ್ಣದ ಸಿಂಪಡಣೆಗೆ ಸಾಯದ ಶಲ್ಕ ಕೀಟಗಳ ಬಗ್ಗೆ ಮೆಲಾಂಡರ್ ಎಂಬ ವಿಜ್ಞಾನಿ ಬರೆದಿದ್ದರು. ಡಿ.ಡಿ.ಟಿ. ಕೀಟ ಕೊಲ್ಲುತ್ತದೆ ಎಂದು ಪೌಲ್ ಮುಲ್ಲರ್ 1939ರಲ್ಲಿ ಕಂಡುಹಿಡಿದರು, ಅದಕ್ಕೆ 1948ರಲ್ಲಿ ನೊಬೆಲ್ ಬಂತು. ಪ್ರಶಸ್ತಿ ಬರುವ ಮೊದಲೇ, 1946ರ ಹೊತ್ತಿಗೆ, ಸ್ವೀಡನ್ನಿನ ನೊಣಗಳಿಗೆ ಅದು ನಾಟುವುದು ನಿಂತಿತ್ತು. ಜರ್ಮನ್ ಜಿರಳೆಯಲ್ಲಿ ಮೊದಲು ಕಂಡದ್ದು 1950ರ ದಶಕದ ಆರಂಭದಲ್ಲಿ, ಟೆಕ್ಸಾಸಿನಲ್ಲಿ, ಕ್ಲೋರ್ಡೇನ್ ಎಂಬ ಮದ್ದಿಗೆ.

ನಮ್ಮ ದೇಶದ ಮಲೇರಿಯಾ ಕಥೆ ಹಿರಿಯರಿಗೆ ನೆನಪಿರಬಹುದು. 1953ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿ ಮನೆ ಮನೆಗೆ ಡಿ.ಡಿ.ಟಿ. ಹೊಡೆದರು. ವರ್ಷಕ್ಕೆ ಏಳೂವರೆ ಕೋಟಿ ಎಂದು ಅಂದಾಜಿದ್ದ ರೋಗಿಗಳ ಸಂಖ್ಯೆ 1965ರ ಹೊತ್ತಿಗೆ ಒಂದು ಲಕ್ಷಕ್ಕೆ ಇಳಿಯಿತು. 1976ರಲ್ಲಿ ಮತ್ತೆ 64 ಲಕ್ಷಕ್ಕೆ ಏರಿತು. ಕಾರಣಗಳು ಹಲವು, ಅವುಗಳಲ್ಲಿ ಸೊಳ್ಳೆಗಳು ಮದ್ದು ತಡೆಯಲು ಶುರು ಮಾಡಿದ್ದು ಒಂದು ಮುಖ್ಯ ಕಾರಣ.

ನಮ್ಮ ಸ್ಟೋರ್ ರೂಮಿಗೆ ಬರುವ ಅಕ್ಕಿ, ಗೋಧಿ, ರವೆಯ ಹುಳುಗಳದ್ದೂ ಇದೇ ಹಾದಿ. ಗೋದಾಮುಗಳಲ್ಲಿ ಅವನ್ನು ಕೊಲ್ಲುವುದು ಫಾಸ್ಫೀನ್ ಎಂಬ ವಿಷದ ಅನಿಲದಿಂದ. ಆ ಅನಿಲ ತಡೆಯುವ ಹುಳುಗಳು ಭಾರತದಲ್ಲೂ ಇವೆ, ಬೇರೆ ದೇಶಗಳಲ್ಲೂ ಇವೆ. ಹಿಟ್ಟಿನ ಕೆಂಪು ಹುಳ ಮತ್ತು ಕಾಳು ಕೊರೆಯುವ ಹುಳ, ಎರಡು ಬೇರೆ ಜಾತಿಗಳಲ್ಲೂ ಒಂದೇ ವಂಶವಾಹಿಯಲ್ಲಿ ಬದಲಾವಣೆ ಆಗಿರುವುದನ್ನು 2012ರಲ್ಲಿ ವಿಜ್ಞಾನಿಗಳು ಕಂಡುಕೊಂಡರು. ಒತ್ತಡ ಒಂದೇ ಆದರೆ ಬೇರೆ ಬೇರೆ ಹುಳುಗಳು ಒಂದೇ ಬಾಗಿಲಿನಿಂದ ಪಾರಾಗುತ್ತವೆ.

ಮದ್ದು ಬದಲಿಸುತ್ತಾ ಇದ್ದರೆ ಸಾಕೇ?

ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಮೈಕೆಲ್ ಶಾರ್ಫ್ ಮತ್ತು ತಂಡ ಇದನ್ನೇ ಪರೀಕ್ಷೆ ಮಾಡಿ 2019ರಲ್ಲಿ ಪ್ರಕಟಿಸಿದರು. ಜನ ವಾಸವಿದ್ದ ವಸತಿ ಕಟ್ಟಡಗಳಲ್ಲಿ ಆರು ತಿಂಗಳು ಮೂರು ಕ್ರಮ ಅನುಸರಿಸಿದರು. ಮೂರು ಬೇರೆ ವರ್ಗದ ಮದ್ದುಗಳನ್ನು ತಿಂಗಳಿಗೊಂದರಂತೆ ಬದಲಿಸಿದಲ್ಲಿ ಜಿರಳೆ ಜಾಸ್ತಿಯೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ. ಎರಡು ವರ್ಗದ ಮದ್ದು ಒಟ್ಟಿಗೆ ಬೆರೆಸಿ ಹೊಡೆದಲ್ಲಿ ಪ್ರಯೋಜನವಾಗಲಿಲ್ಲ, ಜಿರಳೆ ಬೆಳೆಯಿತು. ಒಂದೇ ಜೆಲ್ ಇಟ್ಟಲ್ಲಿ, ಮೊದಲೇ ಪರೀಕ್ಷಿಸಿ ಅದನ್ನು ತಡೆಯುವ ಜಿರಳೆ ಬಹಳ ಕಡಿಮೆ ಎಂದು ಖಚಿತವಾಗಿದ್ದ ಕಡೆ ಹೆಚ್ಚು ಕಡಿಮೆ ನಿರ್ನಾಮವಾಯಿತು. ತಡೆಯುವವು ನೂರಕ್ಕೆ ಹತ್ತರಷ್ಟು ಇದ್ದ ಇನ್ನೊಂದು ಕಡೆ ಅದೇ ಜೆಲ್ ಇಟ್ಟರೂ ಸಂಖ್ಯೆ ಏರಿತು. ಒಂದೇ ತಲೆಮಾರಿನಲ್ಲಿ ತಡೆಯುವ ಶಕ್ತಿ ನಾಲ್ಕರಿಂದ ಆರು ಪಟ್ಟು ಹೆಚ್ಚಾದದ್ದೂ ಉಂಟು. ಒಂದು ಮದ್ದು ತಡೆದ ಜಿರಳೆಯ ಮರಿಗಳು, ತಾವು ಎಂದೂ ಮುಟ್ಟದ ಇನ್ನೊಂದು ವರ್ಗದ ಮದ್ದನ್ನೂ ತಡೆದವು.

ಇದರಿಂದ ತಿಳಿಯುವುದು ಇಷ್ಟು. ಮದ್ದು ಬೇಡ ಎಂದಲ್ಲ. ಮದ್ದು ಒಂದರಿಂದಲೇ ಗೆಲ್ಲಲು ಆಗುವುದಿಲ್ಲ.

ಇನ್ನೂ ಕಟು ಮದ್ದು ಬೇಡ

ಮದ್ದು ನಾಟದಿದ್ದಾಗ ಮನಸ್ಸಿಗೆ ಬರುವುದು ಅಳತೆ ಹೆಚ್ಚಿಸುವುದು ಅಥವಾ ಇನ್ನೂ ಕಟುವಾದದ್ದು ತರಿಸುವುದು. ಇಲ್ಲಿ ನಾವೆಲ್ಲ ಸ್ವಲ್ಪ ನಿಂತು ಯೋಚಿಸಬೇಕು. ನಮ್ಮ ಎಷ್ಟೋ ಹೋಟೆಲುಗಳಲ್ಲಿ ಹುಡುಗರು ರಾತ್ರಿ ಮಲಗುವುದು ಅಲ್ಲೇ, ಟೇಬಲು ಸರಿಸಿ, ಚಾಪೆ ಹಾಸಿ. ಹನ್ನೆರಡು ಗಂಟೆಗೆ ಮದ್ದು ಹೊಡೆದು ಶಟರ್ ಎಳೆದರೆ ಒಳಗೆ ಉಳಿಯುವುದು ಜಿರಳೆ ಮತ್ತು ನಮ್ಮ ಹುಡುಗರು. ಜಿರಳೆಗೆ ಮೂರು ತಿಂಗಳಿಗೊಂದು ಹೊಸ ತಲೆಮಾರು, ವಿಷ ತಡೆಯುವ ಗುಣ ಬೇಗ ಹರಡುತ್ತದೆ. ಊರಿನಿಂದ ತಂದೆ ತಾಯಿ ನಮ್ಮನ್ನು ನಂಬಿ ಕಳುಹಿಸಿದ ಹುಡುಗನಿಗೆ ಆ ಸೌಲಭ್ಯ ಇಲ್ಲ. ಅವನ ಶ್ವಾಸಕೋಶ ಒಂದೇ.

ಡಿ.ಡಿ.ವಿ.ಪಿ. ಎಂದು ಕರೆಯುವ ಡೈಕ್ಲೋರ್ವೋಸ್ ಮದ್ದನ್ನು ಕೇಂದ್ರ ಸರಕಾರ 2018ರ ಆದೇಶದಂತೆ 2020ರ ಡಿಸೆಂಬರ್ 31ರಿಂದ ನಿಷೇಧಿಸಿದೆ. ಹಳೆಯ ಸ್ಟಾಕ್ ಇದೆ, ಒಳ್ಳೆಯದು ಎಂದು ಯಾರಾದರೂ ತಂದರೆ ಒಳಗೆ ಬಿಡಬೇಡಿ. ಗೋದಾಮಿನ ಫಾಸ್ಫೀನ್ ಮಾತ್ರೆಯನ್ನಂತೂ ಹೋಟೆಲಿನ ಸ್ಟೋರ್ ರೂಮಿಗೆ ತರಲೇಬಾರದು. ಮುಚ್ಚಿದ ಜಾಗದಲ್ಲಿ ಮಲಗಿದವರ ಜೀವ ತೆಗೆಯುವ ಅನಿಲ ಅದು.

ನಾವು ಮಾಡಬಹುದಾದದ್ದು

ಜಿರಳೆಗೆ ಬೇಕಾದದ್ದು ಮೂರು: ನೀರು, ಆಹಾರ, ಅಡಗುವ ಸಂದಿ. ವಿಷ ತಡೆಯಲು ದೇಹದಲ್ಲಿ ಒಂದು ಸಣ್ಣ ಬದಲಾವಣೆ ಸಾಕು. ನೀರಿಲ್ಲದೆ ಬದುಕುವ ಜಿರಳೆ ಆಗಲು ಅಂಥ ಸಣ್ಣ ಬದಲಾವಣೆ ಸಾಲದು. ಆದ್ದರಿಂದ ನಮ್ಮ ಒತ್ತಡ ಅಲ್ಲಿ ಬೀಳಬೇಕು.

ರಾತ್ರಿ ನೀರು ಒಣಗಿಸಿ. ನೀರು ಸಿಕ್ಕಿದರೆ ಜರ್ಮನ್ ಜಿರಳೆ ಊಟವಿಲ್ಲದೆ ತಿಂಗಳ ಮೇಲೂ ಬದುಕಬಲ್ಲದು. ಎರಡೂ ಇಲ್ಲದಿದ್ದರೆ ಎರಡು ವಾರ ಕಳೆಯುವುದು ಕಷ್ಟ. ತೊಟ್ಟಿಕ್ಕುವ ನಲ್ಲಿ, ಫ್ರಿಜ್ಜಿನ ಅಡಿಯ ನೀರಿನ ತಟ್ಟೆ, ಒದ್ದೆ ಬಟ್ಟೆ, ಪಾತ್ರೆ ತೊಳೆಯುವ ಮೋರಿ, ಇವನ್ನು ಶಟರ್ ಎಳೆಯುವ ಮೊದಲು ನೋಡಿ.

ಗ್ರೈಂಡರಿನ ಅಡಿಯ ಹಿಟ್ಟು, ದೋಸೆ ಕಾವಲಿಯ ಹಿಂದಿನ ಎಣ್ಣೆ ಜಿಡ್ಡು, ಚಿಮಣಿಯ ಅಂಚು ದಿನಾ ತೆಗೆಯಬೇಕು. ಜಿರಳೆಗೆ ಬೇರೆ ಊಟ ಸಿಗದಿದ್ದರೆ ಅದು ಜೆಲ್ ಹೆಚ್ಚು ತಿನ್ನುತ್ತದೆ.

ಸಂದಿ ಮುಚ್ಚಿಸಿ. ಒಡೆದ ಟೈಲ್ಸ್, ಪೈಪು ಗೋಡೆಗೆ ಹೋಗುವ ತೂತು, ಕೌಂಟರಿನ ಪ್ಲೈವುಡ್ ಬಿರುಕು. ಒಂದು ದಿನದ ಗಾರೆ ಕೆಲಸ, ವರ್ಷಗಟ್ಟಲೆ ಉಪಯೋಗ.

ರಟ್ಟಿನ ಪೆಟ್ಟಿಗೆ ಮತ್ತು ಗೋಣಿ ಒಳಗೆ ಇಡಬೇಡಿ. ಮಾರುಕಟ್ಟೆಯಿಂದ ಮೊಟ್ಟೆ ಚೀಲ ಹೊತ್ತ ಜಿರಳೆ ಬರುವುದು ಅದರಲ್ಲೇ. ಸಾಮಾನು ಡಬ್ಬಿಗೆ ಸುರಿದು ಪೆಟ್ಟಿಗೆ ಆ ದಿನವೇ ಹೊರಗೆ ಹಾಕಿ.

ಎಣಿಸಿ. ಅಂಟು ಕಾಗದ ಐದಾರು ಕಡೆ ಇಟ್ಟು ವಾರಕ್ಕೊಮ್ಮೆ ಎಷ್ಟು ಬಿದ್ದಿವೆ ಎಂದು ಬರೆದಿಡಿ. ಗಲ್ಲಾದ ಲೆಕ್ಕ ಬರೆಯುವ ನಮಗೆ ಇದು ಕಷ್ಟವಲ್ಲ. ಮದ್ದು ಹಾಕಿದ ಎರಡು ವಾರದಲ್ಲೂ ಲೆಕ್ಕ ಇಳಿಯದಿದ್ದರೆ ಆ ಮದ್ದು ನಿಮ್ಮ ಜಿರಳೆಗೆ ನಾಟುತ್ತಿಲ್ಲ. ಮುಂದುವರಿಸಿದರೆ ಗಟ್ಟಿ ತಳಿಗೆ ದುಡ್ಡು ಕೊಟ್ಟ ಹಾಗೆ.

ಗುತ್ತಿಗೆಯವರ ಬಿಲ್ಲಿನಲ್ಲಿ ಮದ್ದಿನ ಬ್ರಾಂಡ್ ಹೆಸರಿನ ಜೊತೆ ಅದರೊಳಗಿನ ರಾಸಾಯನಿಕದ ಹೆಸರೂ ಅದರ ವರ್ಗವೂ ಬರೆಸಿ. ಬ್ರಾಂಡ್ ಬದಲಾಗಿ ಒಳಗೆ ಅದೇ ವರ್ಗ ಇದ್ದರೆ ಬದಲಿಸಿದ ಹಾಗಾಗಲಿಲ್ಲ. ಜೆಲ್ ಇಟ್ಟ ಜಾಗದ ಹತ್ತಿರ ಸ್ಪ್ರೇ ಹೊಡೆಸಬೇಡಿ, ಸ್ಪ್ರೇ ವಾಸನೆಗೆ ಜಿರಳೆ ಜೆಲ್ಲಿನ ಹತ್ತಿರ ಬರುವುದಿಲ್ಲ. ಆಹಾರ ಸುರಕ್ಷತಾ ಕಾಯ್ದೆಯಡಿ 2011ರ ಲೈಸೆನ್ಸ್ ನಿಯಮಗಳ ನಾಲ್ಕನೇ ಅನುಸೂಚಿಯಲ್ಲಿ ಕೀಟ ನಿಯಂತ್ರಣದ ಮಾತು ಇದೆ. ಈ ಬಿಲ್ಲು, ಎಣಿಕೆಯ ಪುಸ್ತಕ ಎರಡೂ ಇದ್ದರೆ ತಪಾಸಣೆಗೆ ಬಂದವರ ಎದುರು ನಮಗೂ ಧೈರ್ಯ.

ಕೊನೆಯದು, ಒಬ್ಬರೇ ಮಾಡಿದರೆ ಸಾಲದು. ಒಂದೇ ಕಟ್ಟಡದಲ್ಲಿ ನಮ್ಮ ಹೋಟೆಲು, ಪಕ್ಕದಲ್ಲಿ ಬೇಕರಿ, ಮೇಲೆ ಮನೆಗಳು. ಗೋಡೆ ಒಂದೇ, ಪೈಪು ಒಂದೇ. ಒಂದು ಕಡೆ ಆರಿಸಿಬಂದ ಗಟ್ಟಿ ಜಿರಳೆ ಇನ್ನೊಂದು ಕಡೆಗೆ ದಾಟುತ್ತದೆ. ಒಂದು ಗಲ್ಲಿಯ ಮಾಲಕರು ಮಾತಾಡಿಕೊಂಡು ಒಂದೇ ವಾರದಲ್ಲಿ ಶುಚಿ ಮಾಡಿ, ಸಂದಿ ಮುಚ್ಚಿಸಿ, ಒಂದೇ ಯೋಜನೆಯಂತೆ ಮದ್ದು ಹಾಕಿಸಿದರೆ ಖರ್ಚೂ ಕಡಿಮೆ, ಫಲವೂ ಹೆಚ್ಚು. ಇದಕ್ಕೆ ಮೊದಲು ಜಿರಳೆ ಇದೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಸಂಕೋಚ ಬಿಡಬೇಕು. ಎರಡು ಸಾವಿರ ವರ್ಷದಿಂದ ಮನುಷ್ಯನ ಅಡುಗೆಮನೆಯಲ್ಲೇ ಬೆಳೆದು ಬಂದ ಹುಳ ಅದು. ಅದು ಕಾಣಿಸಿಕೊಂಡಿತು ಎಂಬುದರಲ್ಲಿ ನಾಚಿಕೆ ಇಲ್ಲ. ಮುಂದಿನ ಸಭೆಯಲ್ಲಿ ಈ ವಿಷಯವನ್ನು ಕಾರ್ಯಸೂಚಿಯಲ್ಲಿ ಸೇರಿಸಬೇಕೆಂದು ಪದಾಧಿಕಾರಿಗಳಲ್ಲಿ ನಮ್ಮ ವಿನಂತಿ.